ಹಳೆಯ ಗೇಮಿಂಗ್ ಲ್ಯಾಪ್‌ಟಾಪ್: ರಿಪೇರಿಗೆ ಹಣ ಹಾಕುವುದೋ, ಹೊಸದನ್ನೇ ಕೊಳ್ಳುವುದೋ?

ಗೇಮಿಂಗ್ ಲ್ಯಾಪ್‌ಟಾಪ್ ಹಳತಾದರೆ ಅದರಲ್ಲಿ ನಾವು ಬದಲಿಸಬಹುದಾದದ್ದು ಹೆಚ್ಚುಕಡಿಮೆ ಇಷ್ಟೇ: ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ತಾತ್ಕಾಲಿಕ ಮೆಮೊರಿ), ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್), ಬ್ಯಾಟರಿ, ಫ್ಯಾನು, ಬಿಸಿ ಹೊರಸಾಗಿಸಲು ಚಿಪ್‌ಗಳ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್. ಆಟದ ಓಟವನ್ನು ನಿರ್ಧರಿಸುವ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡನ್ನೂ ಸಾಮಾನ್ಯವಾಗಿ ಮುಖ್ಯ ಫಲಕವಾದ ಮದರ್‌ಬೋರ್ಡಿಗೆ ಬೆಸುಗೆ ಹಾಕಿಯೇ ಕಳುಹಿಸಿರುತ್ತಾರೆ. ಲ್ಯಾಪ್‌ಟಾಪಿನ ಪ್ರೊಸೆಸರನ್ನು ಕಳಚಿ ಬೇರೆಯದನ್ನು ಕೂರಿಸುವ ಕಾಲ ಇಂಟೆಲ್‌ನ 4ನೇ ಪೀಳಿಗೆಯೊಂದಿಗೆ ಹೆಚ್ಚುಕಡಿಮೆ ಮುಗಿಯಿತು. ಆದ್ದರಿಂದ ಮೊದಲು ತಿಳಿಯಬೇಕಾದದ್ದು ಒಂದೇ: ನಿಮ್ಮ ತೊಂದರೆ ಬದಲಿಸಬಹುದಾದ ಭಾಗದ್ದೋ, ಬೆಸುಗೆಯಾದ ಭಾಗದ್ದೋ? ಇದನ್ನು ತಿಳಿಯದೆ ಅಂಗಡಿಗೆ ಹೋದವರು ಎರಡು ರೀತಿಯಲ್ಲಿ ನಷ್ಟ ಮಾಡಿಕೊಳ್ಳುತ್ತಾರೆ. ಧೂಳು ತೆಗೆದರೆ ಸರಿಹೋಗುವ ಯಂತ್ರವನ್ನು ಕವಡೆ ಕಾಸಿಗೆ ಮಾರುತ್ತಾರೆ, ಇಲ್ಲವೇ ಯಾವ ರ‍್ಯಾಮ್ ಹಾಕಿದರೂ ಏಳಲಾರದ ಯಂತ್ರಕ್ಕೆ ಹತ್ತು ಹನ್ನೆರಡು ಸಾವಿರ ಸುರಿಯುತ್ತಾರೆ.

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಮೊದಲನೆಯ ನಷ್ಟದ ಅಂಚಿನಲ್ಲಿದ್ದ. ಅವನದು 2019ರಲ್ಲಿ ಕೊಂಡ ಯಂತ್ರ. ಇಂಟೆಲ್ ಐ5-9300ಎಚ್ ಪ್ರೊಸೆಸರ್, 4 ಜಿಬಿ ಮೆಮೊರಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಚಿಪ್, ಒಂದೇ ಕಡ್ಡಿಯ 8 ಜಿಬಿ ರ‍್ಯಾಮ್, ಜೊತೆಗೆ ತಿರುಗುವ 1 ಟಿಬಿ ಹಾರ್ಡ್ ಡಿಸ್ಕ್. ಆ ಕಾಲದಲ್ಲಿ ನಮ್ಮ ಕಡೆಯ ವಿದ್ಯಾರ್ಥಿಗಳ ಕೈಯಲ್ಲಿ ಅತಿ ಹೆಚ್ಚು ಕಾಣುತ್ತಿದ್ದ ಜೋಡಣೆಯೇ ಇದು. ಓದುಗರಲ್ಲಿ ಅನೇಕರ ಬಳಿ ಇದರ ಅಣ್ಣನೋ ತಮ್ಮನೋ ಇರಬಹುದು. "ಮಾಮಾ, ಇದರ ಕಾಲ ಮುಗಿಯಿತು. ಕಂತಿನಲ್ಲಿ ಎಂಬತ್ತು ಸಾವಿರದ್ದು ನೋಡಿಟ್ಟಿದ್ದೇನೆ" ಎಂದ. "ಕಂತು ಕಟ್ಟುವವರು ನಿನ್ನ ಅಪ್ಪ. ಒಂದು ಭಾನುವಾರ ಕೊಡು, ನೋಡೋಣ" ಎಂದೆ.

ಮೊದಲು ಅಳೆಯಿರಿ

ಆ ಭಾನುವಾರ ನಾವು ಮಾಡಿದ್ದು ಯಾರೂ ಮನೆಯಲ್ಲೇ ಮಾಡಬಹುದಾದ ಕೆಲಸ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಆಟ ನಡೆಯುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಅಂಕಿಗಳು ಕಾಣುತ್ತವೆ: ಪ್ರೊಸೆಸರಿನ ಬಿಸಿ ಮತ್ತು ವೇಗ, ಗ್ರಾಫಿಕ್ಸ್ ಚಿಪ್ ಎಷ್ಟು ದುಡಿಯುತ್ತಿದೆ, ಅದರ ಮೆಮೊರಿ ಎಷ್ಟು ತುಂಬಿದೆ, ರ‍್ಯಾಮ್ ಎಷ್ಟು ತುಂಬಿದೆ. ಡಿಸ್ಕಿನ ಸ್ಥಿತಿಯನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೋರಿಸುತ್ತದೆ. ಚಾರ್ಜರ್ ಸಿಕ್ಕಿಸಿಯೇ ಆಡಬೇಕು. ಬ್ಯಾಟರಿಯ ಮೇಲೆ ಎಲ್ಲ ಗೇಮಿಂಗ್ ಲ್ಯಾಪ್‌ಟಾಪುಗಳೂ ವೇಗ ಇಳಿಸಿಕೊಳ್ಳುತ್ತವೆ, ಅದು ರೋಗವಲ್ಲ. ಕನಿಷ್ಠ ಅರ್ಧ ಗಂಟೆ ಆಡಬೇಕು, ಏಕೆಂದರೆ ಬಿಸಿಯ ತೊಂದರೆ ಮೊದಲ ಐದು ನಿಮಿಷದಲ್ಲಿ ಮುಖ ತೋರಿಸುವುದಿಲ್ಲ.

ಮೊದಲು ವ್ಯಾಲೊರಂಟ್ ಎಂಬ ಆಟ ತೆರೆದೆವು. ಹದಿನೈದು ನಿಮಿಷ ಚೆನ್ನಾಗಿಯೇ ಓಡಿತು. ಆಮೇಲೆ ಪ್ರೊಸೆಸರಿನ ಬಿಸಿ 97 ಡಿಗ್ರಿಗೆ ಏರಿತು, ವೇಗ ಅರ್ಧಕ್ಕೆ ಕುಸಿಯಿತು, ಚಿತ್ರ ತಡವರಿಸಿತು. ಈ ಪ್ರೊಸೆಸರಿನ ಮಿತಿ 100 ಡಿಗ್ರಿ. ಅದರ ಹತ್ತಿರ ಹೋದಂತೆ ತನ್ನನ್ನು ತಾನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ. ರ‍್ಯಾಮ್ ಪೂರ್ತಿ ತುಂಬಿತ್ತು, ಡಿಸ್ಕ್ 100 ಶೇಕಡಾದಲ್ಲಿ ಏದುಸಿರು ಬಿಡುತ್ತಿತ್ತು. ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕನ್ನೇ ರ‍್ಯಾಮಿನಂತೆ ಬಳಸಲು ನೋಡುತ್ತದೆ, ಆ ಡಿಸ್ಕ್ ತಿರುಗುವ ಬಗೆಯದಾದರೆ ಎಲ್ಲವೂ ನಿಂತುಬಿಡುತ್ತದೆ. ಇವೆಲ್ಲವೂ ಬದಲಿಸಬಹುದಾದ ಭಾಗಗಳ ತೊಂದರೆಗಳು.

ಬಳಿಕ ಸೈಬರ್‌ಪಂಕ್ 2077 ಎಂಬ ದೊಡ್ಡ ಆಟ. ಇಲ್ಲಿ ಗ್ರಾಫಿಕ್ಸ್ ಚಿಪ್ ಮೊದಲ ನಿಮಿಷದಿಂದಲೇ 99 ಶೇಕಡಾ ದುಡಿಯುತ್ತಿತ್ತು, ಅದರ 4 ಜಿಬಿ ಮೆಮೊರಿ ತುಂಬಿಹೋಗಿತ್ತು. ಸೆಟ್ಟಿಂಗ್ ಎಷ್ಟು ಇಳಿಸಿದರೂ ಸೆಕೆಂಡಿಗೆ 35 ಫ್ರೇಮಿನ (ಚಿತ್ರದ) ಆಸುಪಾಸು. ಇದು ಬೆಸುಗೆಯಾದ ಭಾಗದ ತೊಂದರೆ. ಗ್ರಾಫಿಕ್ಸ್ ಮೆಮೊರಿಯನ್ನು ಹೆಚ್ಚಿಸಿಕೊಳ್ಳುವ ದಾರಿಯೇ ಇಲ್ಲ; ರ‍್ಯಾಮ್ ಎಷ್ಟು ಹಾಕಿದರೂ ಅದರ ಸಮಕ್ಕೆ ಬರುವುದಿಲ್ಲ.

ಒಂದೇ ಯಂತ್ರದಲ್ಲಿ ಎರಡು ಬೇರೆ ಬೇರೆ ರೋಗಗಳಿದ್ದವು. ಹಾಗಾಗಿ ಉತ್ತರವನ್ನು ಯಂತ್ರಕ್ಕಿಂತ ಮೊದಲು ಹುಡುಗನನ್ನೇ ಕೇಳಬೇಕಾಯಿತು. ದಿನಾ ಆಡುವುದು ಯಾವುದು? ವ್ಯಾಲೊರಂಟ್, ಜಿಟಿಎ 5, ರಜೆಯಲ್ಲಿ ಮಾತ್ರ ದೊಡ್ಡ ಆಟಗಳು ಎಂದ. ಹಾಗಿದ್ದರೆ ಎಂಬತ್ತು ಸಾವಿರವನ್ನು ಈಗಲೇ ಖರ್ಚು ಮಾಡಲು ಕಾರಣವಿಲ್ಲ.

ಧೂಳು, ಪೇಸ್ಟ್

ಹಿಂಬದಿಯ ಮುಚ್ಚಳ ಬಿಚ್ಚಿದಾಗ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಕಂಬಳಿಯ ಚೂರಿನಂತೆ ಧೂಳು ಮೆತ್ತಿಕೊಂಡಿತ್ತು. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಹೊರಗೆ ಹೋಗುತ್ತಿರಲಿಲ್ಲ. ಆರು ವರ್ಷದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಸ್ವಚ್ಛ ಮಾಡಿ ಹೊಸ ಪೇಸ್ಟ್ ಹಚ್ಚಿದ ಮೇಲೆ ಅದೇ ಆಟದಲ್ಲಿ ಬಿಸಿ 82 ಡಿಗ್ರಿಯ ಹತ್ತಿರ ನಿಂತಿತು. ಪೇಸ್ಟಿಗೆ ಆದ ಖರ್ಚು ಕೆಲವು ನೂರು ರೂಪಾಯಿ. ಅಂಗಡಿಯಲ್ಲಿ ಮಾಡಿಸಿದರೆ ಕೂಲಿ ಸೇರಿ ಸಾವಿರದ ಆಸುಪಾಸು ಆಗಬಹುದು.

ಬೇರೆ ಯಾವ ಖರ್ಚಿಗೂ ಮೊದಲು ಇದನ್ನು ಮಾಡಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ದಾಟಿರುವಾಗ ಲ್ಯಾಪ್‌ಟಾಪ್ ಒಳಗೆಳೆದುಕೊಳ್ಳುವ ಗಾಳಿಯೂ ಅಷ್ಟೇ ಬಿಸಿ. ಅಲ್ಲಿ ವರ್ಷಕ್ಕೊಮ್ಮೆಯಾದರೂ ಧೂಳು ತೆಗೆಸಬೇಕು. ಕರಾವಳಿಯಲ್ಲಿ ಧೂಳಿಗಿಂತ ಉಪ್ಪಿನ ತೇವದ ಕಾಟ ಹೆಚ್ಚು. ಮಂಗಳೂರು, ಉಡುಪಿಯ ಕಡೆಯವರು ಮುಚ್ಚಳ ತೆಗೆದಾಗ ಮದರ್‌ಬೋರ್ಡಿನ ಮೇಲೆ ಹಸಿರು ಅಥವಾ ಬಿಳಿ ಕಿಲುಬು ಕಂಡರೆ ಆ ಯಂತ್ರಕ್ಕೆ ಮುಂದೆ ದೊಡ್ಡ ಹಣ ಹಾಕದಿರುವುದು ಲೇಸು.

ಸ್ವತಃ ಮಾಡುವವರಿಗೆ ಎರಡು ಎಚ್ಚರ. ಬ್ಲೋವರಿನಿಂದ ಊದುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಕೆಲವು ದುಬಾರಿ ಮಾದರಿಗಳಲ್ಲಿ ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ ಹಚ್ಚಿರುತ್ತಾರೆ. ಅದು ವಿದ್ಯುತ್ ಹರಿಸುವ ದ್ರವ, ಒಂದು ಹನಿ ಪಕ್ಕಕ್ಕೆ ಜಾರಿದರೂ ಬೋರ್ಡ್ ಸುಡಬಹುದು. ಅಂಥದ್ದನ್ನು ಕೈಪಳಗಿದವರಿಗೇ ಬಿಡಬೇಕು.

ಎಸ್‌ಎಸ್‌ಡಿಗೆ ಹಾಕಿದ ಹಣ ಉಳಿಯುತ್ತದೆ, ರ‍್ಯಾಮಿನದು ಉಳಿಯುವುದಿಲ್ಲ

ಅಂಗಡಿಯವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ: "ರ‍್ಯಾಮ್ ಒಂದು, ಎಸ್‌ಎಸ್‌ಡಿ ಒಂದು ಹಾಕಿಸಿ, ಹೊಸದರಂತೆ ಆಗುತ್ತದೆ." ನನ್ನ ಲೆಕ್ಕದಲ್ಲಿ ಎರಡೂ ಒಂದೇ ತೂಕದವಲ್ಲ.

ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ. ಸಾಟಾ ಎಂಬ ಹಳೆಯ ಬಗೆಯ ಸಂಪರ್ಕದ ಎಸ್‌ಎಸ್‌ಡಿ 550ರ ತನಕ, ಎನ್‌ವಿಎಂಇ ಎಂಬ ವೇಗದ ಸಂಪರ್ಕದ ಮೂರನೆಯ ಪೀಳಿಗೆಯ ಎಸ್‌ಎಸ್‌ಡಿ 3500ರ ತನಕ. ಹಾರ್ಡ್ ಡಿಸ್ಕಿನಿಂದ ಯಾವ ಎಸ್‌ಎಸ್‌ಡಿಗೆ ಬಂದರೂ ಬದಲಾವಣೆ ಮೊದಲ ದಿನವೇ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಎಸ್‌ಎಸ್‌ಡಿಗಳ ನಡುವಿನ ವ್ಯತ್ಯಾಸ ಆಟ ಆಡುವಾಗ ಅಷ್ಟಾಗಿ ತಿಳಿಯುವುದಿಲ್ಲ. ಈಗಂತೂ ಸ್ಟಾರ್‌ಫೀಲ್ಡ್‌ನಂಥ ಆಟಗಳು ಎಸ್‌ಎಸ್‌ಡಿ ಇರಲೇಬೇಕೆಂದು ಕೇಳುತ್ತವೆ. ಸೈಬರ್‌ಪಂಕ್ ಕೂಡ 2023ರ ಪರಿಷ್ಕರಣೆಯ ನಂತರ ಕನಿಷ್ಠ ಅಗತ್ಯಗಳ ಪಟ್ಟಿಯಿಂದ ಹಾರ್ಡ್ ಡಿಸ್ಕನ್ನು ಕೈಬಿಟ್ಟಿತು.

ಮುಖ್ಯ ವಿಷಯ ಬೇರೆ. ನಾಳೆ ಹೊಸ ಲ್ಯಾಪ್‌ಟಾಪ್ ಕೊಂಡರೆ ಈ ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಕಳಚಿ ಅದರ ಎರಡನೆಯ ಸ್ಲಾಟಿಗೆ ಹಾಕಬಹುದು, ಅಥವಾ ಒಂದು ಚಿಕ್ಕ ಡಬ್ಬಿಯಲ್ಲಿ ಕೂರಿಸಿ ಪೆನ್‌ಡ್ರೈವಿನಂತೆ ಬಳಸಬಹುದು. ಹಾಗಾಗಿ ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ ನಾಲ್ಕನೆಯ ಪೀಳಿಗೆಯ ಎಸ್‌ಎಸ್‌ಡಿಯನ್ನೇ ತೆಗೆದುಕೊಳ್ಳಿ. ಹಳೆಯ ಸ್ಲಾಟಿನಲ್ಲಿ ಅದು ಮೆಲ್ಲಗೆ ಓಡುತ್ತದೆ, ಮುಂದಿನ ಯಂತ್ರದಲ್ಲಿ ಪೂರ್ತಿ ಓಡುತ್ತದೆ. ಕೊಳ್ಳುವ ಮೊದಲು ನಿಮ್ಮ ಮಾದರಿಯಲ್ಲಿ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಎನ್‌ವಿಎಂಇ ಒಪ್ಪುತ್ತದೆಯೋ, ಸಾಟಾ ಮಾತ್ರವೋ ಎಂದು ನೋಡಬೇಕು. ಆ ಸ್ಲಾಟಿನ ಆಕಾರ ಕಂಡು ಮೋಸಹೋದವರು ಬಹಳ.

ರ‍್ಯಾಮಿನ ಕತೆ ಹಾಗಲ್ಲ. 2019ರಿಂದ 2021ರ ನಡುವಿನ ಬಹುತೇಕ ಯಂತ್ರಗಳಲ್ಲಿ ಇರುವುದು ಡಿಡಿಆರ್4 ಬಗೆಯ ರ‍್ಯಾಮ್. ಹೊಸ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಅದರ ಮುಂದಿನ ಪೀಳಿಗೆಯ ಡಿಡಿಆರ್5. ಕಡ್ಡಿಯ ಕಚ್ಚೇ ಬೇರೆ ಜಾಗದಲ್ಲಿರುತ್ತದೆ, ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಇಂದು ಹಾಕಿಸಿದ ಡಿಡಿಆರ್4 ಹಳೆಯ ಯಂತ್ರದೊಂದಿಗೇ ಹೋಗುತ್ತದೆ.

ಇದರ ಮೇಲೆ ಬೆಲೆಯ ಹೊಡೆತ. 2024ರಲ್ಲಿ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತಿದ್ದ 8 ಜಿಬಿ ಡಿಡಿಆರ್4 ಕಡ್ಡಿ 2025ರ ಕೊನೆಯ ಹೊತ್ತಿಗೆ ದುಪ್ಪಟ್ಟು ದಾಟಿತು. ಮೆಮೊರಿ ಚಿಪ್ ಮಾಡುವ ಕಂಪನಿಗಳು ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಕಡೆ ತಿರುಗಿದ್ದೇ ಇದಕ್ಕೆ ಕಾರಣ. ಮೈಕ್ರಾನ್ ಕಂಪನಿಯಂತೂ ಮನೆಬಳಕೆಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ನಮ್ಮ ಊರಿನ ವಿದ್ಯಾರ್ಥಿಯ ಒಂದು ಕಡ್ಡಿ ರ‍್ಯಾಮಿಗೂ ಎಲ್ಲೋ ಕಟ್ಟುತ್ತಿರುವ ಡೇಟಾ ಸೆಂಟರಿಗೂ ಈ ನಂಟು ಬೆಸೆದಿರುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಹಾಗಾದರೆ ರ‍್ಯಾಮ್ ಬೇಡವೇ? ಒಂದೇ ಕಡ್ಡಿಯ 8 ಜಿಬಿ ಇದ್ದರೆ ಬೇಕು. ಎರಡನೆಯ ಕಡ್ಡಿ ಬಿದ್ದಾಗ ಒಟ್ಟು 16 ಜಿಬಿ ಆಗುವುದಷ್ಟೇ ಅಲ್ಲ, ಪ್ರೊಸೆಸರಿಗೂ ಮೆಮೊರಿಗೂ ನಡುವಿನ ದಾರಿ ಎರಡು ಪಟ್ಟು ಅಗಲವಾಗುತ್ತದೆ. ಆಟದ ನಡುವಿನ ಸಣ್ಣ ಸಣ್ಣ ತಡವರಿಕೆಗಳು ಹೆಚ್ಚಾಗಿ ಇದರಿಂದಲೇ ಮಾಯವಾಗುತ್ತವೆ. ಈಗಾಗಲೇ 16 ಜಿಬಿ ಇರುವವರು ಆಟಕ್ಕಾಗಿ 32ಕ್ಕೆ ಹೋಗುವುದನ್ನು ಈ ಬೆಲೆಯಲ್ಲಿ ನಾನು ಒಪ್ಪುವುದಿಲ್ಲ.

ಹಳೆಯ ರ‍್ಯಾಮ್ ಕೊಳ್ಳಲು ಹಿಂಜರಿಯಬೇಡಿ. ಬ್ಯಾಟರಿಯಂತೆ ಅದು ಸವೆಯುವ ವಸ್ತುವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಳಚಿದ ಲ್ಯಾಪ್‌ಟಾಪುಗಳ ಕಡ್ಡಿಗಳು ಸಿಗುತ್ತವೆ. ಬದಲಿಸಿಕೊಡುವ ಮಾತು ಪಡೆದು ತಂದು, ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ಒಂದು ರಾತ್ರಿ ಓಡಿಸಿ ನೋಡಿ. 9300ಎಚ್‌ನಂಥ ಪ್ರೊಸೆಸರ್ ರ‍್ಯಾಮನ್ನು 2666ರ ವೇಗದಲ್ಲೇ ಓಡಿಸುವುದರಿಂದ 3200ರ ಕಡ್ಡಿಗೆ ಹೆಚ್ಚು ಹಣ ಕೊಡಬೇಕಿಲ್ಲ. ನನ್ನ ಸೋದರಳಿಯನಿಗೆ ಹಾಗೆಯೇ ಒಂದು ಹಳೆಯ 8 ಜಿಬಿ ಕಡ್ಡಿ ಹಾಕಿದೆವು, ಎಸ್‌ಎಸ್‌ಡಿ ಮಾತ್ರ ಹೊಸದು.

ಬ್ಯಾಟರಿ

ಸದಾ ಚಾರ್ಜರಿನಲ್ಲೇ ಆಡುವವರಿಗೆ ಬ್ಯಾಟರಿ ಕುಗ್ಗಿದ್ದರೂ ದೊಡ್ಡ ತೊಂದರೆಯಿಲ್ಲ, ಉಬ್ಬಿದ್ದರೆ ಮಾತ್ರ ಒಂದು ದಿನವೂ ಬಿಡಬಾರದು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಒತ್ತಿದರೆ ಕ್ಲಿಕ್ಕಾಗದಿದ್ದರೆ, ತಳದ ಮುಚ್ಚಳ ಬಾಯಿಬಿಟ್ಟಿದ್ದರೆ ಬಳಕೆ ನಿಲ್ಲಿಸಿ ತೆಗೆಸಿಬಿಡಿ. ಅಗ್ಗದ ಬ್ಯಾಟರಿ ಬೇಡವೇ ಬೇಡ. ನನ್ನ ಹಿಂದಿನ ಲ್ಯಾಪ್‌ಟಾಪಿಗೆ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಹಾಕಿಸಿದ್ದು ನಾಲ್ಕೇ ತಿಂಗಳಿಗೆ ಉಬ್ಬಿತು. ಆ ಯಂತ್ರ ಮೇಜಿನ ಮೇಲೆ, ಮಕ್ಕಳು ಮಲಗುವ ಕೋಣೆಯಲ್ಲಿತ್ತು ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹಣ ಹಾಕಬಾರದ ಯಂತ್ರಗಳು

ಕೆಲವು ಯಂತ್ರಗಳ ವಿಷಯದಲ್ಲಿ ಅಳೆಯುವ ಮೊದಲೇ ಉತ್ತರ ಗೊತ್ತಿರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರಿಗೆ ಕೊಟ್ಟ ಹೆಚ್ಚುವರಿ ಭದ್ರತಾ ಅವಧಿಯೂ 2026ರ ಅಕ್ಟೋಬರಿನ ತನಕ ಎಂದೇ ಘೋಷಿಸಲಾಗಿತ್ತು. ವಿಂಡೋಸ್ 11 ಬಯಸುವುದು ಇಂಟೆಲ್‌ನಲ್ಲಿ 8ನೇ ಪೀಳಿಗೆ ಮತ್ತು ಅದಕ್ಕೂ ಈಚಿನದನ್ನು. ಒಂದು ಕಾಲದಲ್ಲಿ ಗೇಮಿಂಗ್ ಲ್ಯಾಪ್‌ಟಾಪುಗಳ ರಾಜನಂತಿದ್ದ ಐ7-7700ಎಚ್‌ಕ್ಯೂ ಈ ಗೆರೆಯ ಆಚೆ ಉಳಿದುಹೋಯಿತು. ವ್ಯಾಲೊರಂಟ್‌ನಂಥ ಆಟಗಳ ಮೋಸತಡೆ ತಂತ್ರಾಂಶ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳಿಲ್ಲದೆ ಒಳಗೇ ಬಿಡುವುದಿಲ್ಲ. ನಿಯಮ ತಪ್ಪಿಸಿ ಹಿಂಬಾಗಿಲಿನಿಂದ ವಿಂಡೋಸ್ 11 ಹಾಕಿಕೊಂಡವರಿಗೆ ಅಲ್ಲಿ ತಡೆ ಎದುರಾಗಬಹುದು.

ಗ್ರಾಫಿಕ್ಸ್ ಕಡೆಯಲ್ಲೂ ಇಂಥದೊಂದು ಗೆರೆ ಇದೆ. ಜಿಟಿಎಕ್ಸ್ 1050, 1050 ಟಿಐ, 1060 ಇರುವ ಯಂತ್ರಗಳಿಗೆ ಹೊಸ ಆಟಗಳಿಗೆ ತಕ್ಕ ಡ್ರೈವರ್ (ಚಿಪ್ ನಡೆಸುವ ತಂತ್ರಾಂಶ) ಕೊಡುವುದನ್ನು ಆ ಚಿಪ್‌ಗಳ ಕಂಪನಿ ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿತು. ಇನ್ನು 2028ರ ತನಕ ಬರುವುದು ಭದ್ರತಾ ತಿದ್ದುಪಡಿಗಳು ಮಾತ್ರ. ಜಿಟಿಎಕ್ಸ್ 1650ರ ಪೀಳಿಗೆ ಆ ಗೆರೆಯ ಈಚೆಗಿದೆ, ಆದರೆ ಅದರಲ್ಲೂ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕಹಾಕಿ ಚಿತ್ರ ಬಿಡಿಸುವ ವಿಧಾನ) ನಡೆಸುವ ಯಂತ್ರಾಂಶವಿಲ್ಲ. 2025ರ ಡೂಮ್: ದ ಡಾರ್ಕ್ ಏಜಸ್ ಆಟ ಅದಿಲ್ಲದೆ ನಡೆಯುವುದೇ ಇಲ್ಲ. ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ವೇಗ ಹೆಚ್ಚಿಸುವ ಡಿಎಲ್‌ಎಸ್‌ಎಸ್ ಸೌಲಭ್ಯವೂ ಆರ್‌ಟಿಎಕ್ಸ್ ಹೆಸರಿನ ಚಿಪ್‌ಗಳಿಗೆ ಮಾತ್ರ. ಅಂಥದೇ ಕೆಲಸ ಮಾಡುವ ಎಎಮ್‌ಡಿ ಕಂಪನಿಯ ಎಫ್‌ಎಸ್‌ಆರ್‌ನ ಹಳೆಯ ಆವೃತ್ತಿಗಳು 1650ರಲ್ಲೂ ಕೆಲಸ ಮಾಡುತ್ತವೆ, ಅಷ್ಟು ಸಮಾಧಾನ.

ಆದ್ದರಿಂದ ನನ್ನ ತೀರ್ಮಾನ ಹೀಗೆ. 1050ರ ವರ್ಗದ ಯಂತ್ರವಾದರೆ ಧೂಳು ತೆಗೆಸಿ, ಬೇಕಾದರೆ ಮುಂದೆ ಸಾಗಿಸಬಹುದಾದ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮಿಗೂ ಬ್ಯಾಟರಿಗೂ ಹಣ ಹಾಕಬೇಡಿ. 1650 ಅಥವಾ 4 ಜಿಬಿಯ ಆರ್‌ಟಿಎಕ್ಸ್ 3050 ಆದರೆ ನೀವು ಆಡುವ ಆಟಗಳೇ ಉತ್ತರ ಹೇಳಬೇಕು. 6 ಜಿಬಿಯ ಆರ್‌ಟಿಎಕ್ಸ್ 2060 ಅಥವಾ 3060 ಇದ್ದೂ ಹೊಸದು ಬೇಕೆನ್ನುವವರು ಒಮ್ಮೆ ನಿಲ್ಲಬೇಕು. ಆ ಯಂತ್ರಗಳಿಗೆ ಪೇಸ್ಟ್, ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್ ಮೂರೂ ಸಿಕ್ಕರೆ ಇನ್ನೆರಡು ವರ್ಷ ಧಾರಾಳವಾಗಿ ನಡೆಯುತ್ತವೆ. ಮದರ್‌ಬೋರ್ಡೇ ಸುಟ್ಟಿದ್ದರೆ ಯಾವ ವರ್ಗದ್ದಾದರೂ ಬಿಟ್ಟುಬಿಡಿ. ಪರದೆಯ ಕೀಲು ಮುರಿದಿದ್ದರೆ ಅದರ ತಂತಿಗೆ ಪೆಟ್ಟಾಗುವ ಮೊದಲು ಸರಿಪಡಿಸಿ.

ಹೊಸದಕ್ಕೆ ಹೋಗುವುದಾದರೆ

ಹೊಸದರಲ್ಲಿ ಜನ ಹೆಚ್ಚು ಎಡವುವುದು ಗ್ರಾಫಿಕ್ಸ್ ಚಿಪ್‌ನ ಹೆಸರು ನೋಡಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060ಕ್ಕೆ ಎನ್‌ವಿಡಿಯಾ ಗೊತ್ತುಮಾಡಿದ ವಿದ್ಯುತ್ ಮಿತಿ 35 ವ್ಯಾಟಿನಿಂದ 115 ವ್ಯಾಟಿನ ತನಕ. ತೆಳುವಾದ ದೇಹದಲ್ಲಿ ಕಡಿಮೆ ವ್ಯಾಟಿಗೆ ಕಟ್ಟಿಹಾಕಿದ 4060ಕ್ಕಿಂತ ಪೂರ್ತಿ ವ್ಯಾಟ್ ಪಡೆಯುವ 4050 ಚೆನ್ನಾಗಿ ಓಡುವುದೂ ಉಂಟು. ಪೆಟ್ಟಿಗೆಯ ಮೇಲೆ ಇದನ್ನು ದೊಡ್ಡದಾಗಿ ಬರೆದಿರುವುದಿಲ್ಲ, ಕಂಪನಿಯ ವಿವರ ಪಟ್ಟಿಯಲ್ಲಿ ಹುಡುಕಬೇಕು. ಅಲ್ಲಿ ವ್ಯಾಟ್ ಬರೆಯದ ಮಾದರಿಯನ್ನು ನಾನಾದರೆ ಕೊಳ್ಳುವುದಿಲ್ಲ.

ಮೆಮೊರಿಯ ವಿಷಯದಲ್ಲಿ 4050ರದು 6 ಜಿಬಿ, 4060ರದು 8. 2025ರಲ್ಲಿ ಬಂದ 5050 ಮತ್ತು 5060 ಎರಡೂ 8 ಜಿಬಿಯವೇ. ನಾಲ್ಕೈದು ವರ್ಷ ಇಟ್ಟುಕೊಳ್ಳುವ ಉದ್ದೇಶವಿದ್ದರೆ 8ಕ್ಕಿಂತ ಕಡಿಮೆಯದು ಬೇಡ. ಇಂದಿನ 1650ರ ಗೋಳು ನಾಳೆ 6 ಜಿಬಿಯವರ ಗೋಳಾಗುತ್ತದೆ. ರ‍್ಯಾಮಿಗೆ ಎರಡು ಸ್ಲಾಟ್ ಇರಲಿ, ಎಸ್‌ಎಸ್‌ಡಿಗೂ ಎರಡನೆಯ ಸ್ಲಾಟ್ ಇರಲಿ. ನಿಮ್ಮ ಜಿಲ್ಲಾ ಕೇಂದ್ರದಲ್ಲಿ ಆ ಕಂಪನಿಯ ಸೇವಾ ಕೇಂದ್ರ ಇದೆಯೇ ಎಂದು ಕೇಳಿಕೊಳ್ಳಿ. ಬಾಗಲಕೋಟೆಯಿಂದ ಬೆಂಗಳೂರಿಗೆ ಲ್ಯಾಪ್‌ಟಾಪ್ ಕಳುಹಿಸಿ ಕಾಯುವ ಮೂರು ವಾರ, ಪರೀಕ್ಷೆಯ ಕಾಲದಲ್ಲಿ ಬಂದರೆ, ದುಬಾರಿಯಾಗುತ್ತದೆ.

ಮೂರನೆಯ ದಾರಿಯೂ ಒಂದಿದೆ: ಹಳೆಯ ಲ್ಯಾಪ್‌ಟಾಪನ್ನು ಪಾಠಕ್ಕೆ ಉಳಿಸಿಕೊಂಡು ಆಟಕ್ಕೆ ಡೆಸ್ಕ್‌ಟಾಪ್ ಕಟ್ಟಿಸುವುದು. ಒಂದೇ ಹೆಸರಿನ ಚಿಪ್ ಡೆಸ್ಕ್‌ಟಾಪಿನಲ್ಲಿ ಹೆಚ್ಚು ವಿದ್ಯುತ್ ಕುಡಿದು ಹೆಚ್ಚು ಓಡುತ್ತದೆ. ಡೆಸ್ಕ್‌ಟಾಪಿನ 5060 ಕಾರ್ಡಿನದು 145 ವ್ಯಾಟ್. ಐದು ವರ್ಷದ ಮೇಲೆ ಕಾರ್ಡನ್ನಷ್ಟೇ ಬದಲಿಸಿದರೆ ಸಾಕು, ಬೆಸುಗೆಯ ಕಾಟವಿಲ್ಲ. ಸ್ವಂತ ಮನೆಯಲ್ಲಿದ್ದು ಓದುವವರಿಗೆ, ಕೆಲಸ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಹಾಸ್ಟೆಲ್ಲಿನ ಮಂಚದ ಪಕ್ಕ ಅದಕ್ಕೆ ಜಾಗವಿಲ್ಲ. ಕರೆಂಟು ಹೋಗಿ ಬರುವ ಊರುಗಳಲ್ಲಿ ಒಳ್ಳೆಯ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್ ಇಡುವುದು ತಪ್ಪು, ಆ ಖರ್ಚನ್ನೂ ಮೊದಲೇ ಸೇರಿಸಿ ಎಣಿಸಬೇಕು. ಹೊರಗಿನಿಂದ ಗ್ರಾಫಿಕ್ಸ್ ಕಾರ್ಡ್ ಜೋಡಿಸುವ ಪೆಟ್ಟಿಗೆಗಳ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದಕ್ಕೆ ಥಂಡರ್‌ಬೋಲ್ಟ್‌ನಂಥ ವೇಗದ ಕಿಂಡಿ ಬೇಕು, ಅಗ್ಗದ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಅದು ಇರುವುದೇ ಅಪರೂಪ. ಇದ್ದರೂ ಕಾರ್ಡಿನ ಶಕ್ತಿಯ ಒಂದು ಪಾಲು ಆ ತಂತಿಯಲ್ಲೇ ಸೋರಿಹೋಗುತ್ತದೆ.

ಯಾವ ದಾರಿ ಹಿಡಿದರೂ ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ಎರಡು ಕೆಲಸ ಮಾಡಿ. ಫೋಟೋ, ಪ್ರಾಜೆಕ್ಟ್ ಎಲ್ಲದರ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿಡಿ. ಡಿಸ್ಕಿನ ದತ್ತಾಂಶಕ್ಕೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ಮರುಪಡೆಯುವ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಡಿಸ್ಕ್ ಬದಲಿಸಿದ ಮೇಲೆ ವಿಂಡೋಸ್ ಅದನ್ನು ಕೇಳಿ, ಕೊಡಲಾಗದೆ ನಾಲ್ಕು ವರ್ಷದ ದತ್ತಾಂಶ ಕಳೆದುಕೊಂಡವರನ್ನು ಕಂಡಿದ್ದೇನೆ.

ನನ್ನ ಸೋದರಳಿಯನ ಲ್ಯಾಪ್‌ಟಾಪಿಗೆ ಎಲ್ಲ ಸೇರಿ ಆದ ಖರ್ಚು ಅವನು ನೋಡಿಟ್ಟಿದ್ದ ಹೊಸದರ ಎರಡು ಕಂತಿಗಿಂತ ಕಡಿಮೆ. ವ್ಯಾಲೊರಂಟ್ ಗಂಟೆಗಟ್ಟಲೆ ಒಂದೇ ಸಮನೆ ಓಡುತ್ತಿದೆ. ಸೈಬರ್‌ಪಂಕ್ ಅದೇ 35ರಲ್ಲಿದೆ, ತಡವರಿಕೆ ಮಾತ್ರ ಕಡಿಮೆಯಾಗಿದೆ. ಕೆಲಸ ಸಿಕ್ಕ ಮೇಲೆ ತನ್ನ ಸಂಬಳದಲ್ಲಿ 8 ಜಿಬಿ ಚಿಪ್‌ನ ಯಂತ್ರ ಕೊಳ್ಳುತ್ತೇನೆ ಎಂದಿದ್ದಾನೆ. ಆಗ ಈಗಿನ ಎಸ್‌ಎಸ್‌ಡಿ ಅದರ ಎರಡನೆಯ ಸ್ಲಾಟಿಗೆ ಹೋಗುತ್ತದೆ, ಹಳೆಯ ಲ್ಯಾಪ್‌ಟಾಪ್ ಪಿಯುಸಿ ಓದುತ್ತಿರುವ ಅವನ ತಂಗಿಗೆ.